ಭಾವನ ನಾಡಿ ಎಪ್ಪತ್ತು

೧೯೬೭ ಮಾರ್ಚ್ ೬, ಸೋಮವಾರ

ಇಂದು ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಎದುರು ಮನೆಯ ಅಶ್ವತ್ಥಪ್ಪ ತೀರಿಕೊಂಡರು. ಆರು ಗಂಟೆ ಹದಿನಾಲ್ಕು ನಿಮಿಷಕ್ಕೆ ಕಣ್ಣುಬಿಟ್ಟರು.

ಅಶ್ವತ್ಥಪ್ಪ ನನ್ನ ಸ್ವಂತ ಅಕ್ಕ ವರಲಕ್ಷ್ಮಮ್ಮನ ಗಂಡ. ನನಗೆ ಭಾವ. ಬಂಗಾರಪೇಟೆಯ ಈ ಬೀದಿಯಲ್ಲಿ ನಮ್ಮ ಮನೆಗಳು ಎದುರುಬದುರು. ಹನ್ನೊಂದು ವರ್ಷದಿಂದ ಮಾತಿಲ್ಲ. ನನ್ನ ಗೃಹಪ್ರವೇಶದ ದಿನ ನೂರು ಜನ ಎಲೆಯ ಮುಂದೆ ಕೂತಿದ್ದಾಗ ಆ ಮನುಷ್ಯ, "ಗಡಿಯಾರ ನೋಡೋದೂ ಒಂದ್ ಕೆಲ್ಸವಾ? ನಮ್ಮನೆ ಉಂಜ ಸಂಬಳ ಇಲ್ದೆ ಮಾಡ್ತದೆ" ಅಂದರು. ನೂರು ಜನವೂ ನಕ್ಕರು. ನಾನು ಕೋರಮಂಡಲ್‌ನಲ್ಲಿ ಚಿನ್ನದ ಗಣಿಯ ಟೈಮಾಫೀಸಿನ ಗುಮಾಸ್ತ. ಸಾವಿರಾರು ಜನ ಪಾಳಿಗೆ ಇಳಿಯುವುದೂ ಏರುವುದೂ ನಾನು ಬರೆಯುವ ವೇಳೆಯ ಮೇಲೆ ನಿಂತಿದೆ. ಹುಂಜದ ಮೇಲಲ್ಲ.

ಬೆಳಿಗ್ಗೆ ಅಕ್ಕನ ಗೋಳಾಟ ಕೇಳಿಸಿತು. ಹಾಲು ಕರೆಯುತ್ತಿದ್ದವರು ಹಾಗೇ ಮಗುಚಿಕೊಂಡಿದ್ದಾರೆ. ಪಕ್ಕದ ಮನೆಯ ಪೆದ್ದಮ್ಮ ಓಡಿಬಂದು ನೋಡಿ, "ಅಯ್ಯೋ ದೇವುಡಾ, ಪೋಯಿನಾಡೇ" ಎಂದು ತೆಲುಗಿನಲ್ಲಿ ಎದೆ ಬಡಿದುಕೊಳ್ಳಲು ಶುರುಮಾಡಿದಳು. ನಾನು ಹೊಸ್ತಿಲಲ್ಲಿ ನಿಂತು ಯೋಚಿಸಿದೆ. ಸತ್ತವರ ಮನೆಗೆ ಹೋದರೆ ಮಾತಾಡಿಸಿದಂತಾಗುವುದಿಲ್ಲ; ಅವರೂ ಆಡುವುದಿಲ್ಲ, ನಾವೂ ಆಡಬೇಕಿಲ್ಲ. ಹಾಗೆಂದು ನಿಶ್ಚಯಿಸಿ ಬೀದಿ ದಾಟಿದೆ. ಮೂಗಿನ ಬಳಿ ಕೈ ಹಿಡಿದು ನೋಡೋಣವೆಂದು ಬಗ್ಗಿದೆ. ಭಾವ ಕಣ್ಣು ಬಿಟ್ಟು ನನ್ನ ಮುಖ ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿ ಕೇಳಿದರು: "ಇವ್ನ್ಯಾಕೆ ಬಂದವ್ನೆ?"

ಪೆದ್ದಮ್ಮ ಕಣ್ಣೊರೆಸಿಕೊಂಡು, ಒಲೆ ಮೇಲೆ ಇಟ್ಟುಬಂದ ಹಿಟ್ಟು ತಳ ಹಿಡಿದಿರುತ್ತೆ ಎಂದು ಬೈಯುತ್ತಾ ಹೋದಳು. ನಾನು ಆರು ನಲವತ್ತರ ರೈಲು ಹಿಡಿದೆ. ತಡವಾಗಲಿಲ್ಲ.

೧೯೬೭ ಮಾರ್ಚ್ ೨೧, ಮಂಗಳವಾರ

ಭಾವ ಇದುವರೆಗೆ ಮೂರು ಸಲ ತೀರಿಕೊಂಡಿದ್ದಾರೆ. ಎರಡನೆಯದು ಬಚ್ಚಲಲ್ಲಿ. ಮೂರನೆಯದು ನಿನ್ನೆ, ರಾಬರ್ಟ್‌ಸನ್‌ಪೇಟೆಯ ಬೂಸದ ಅಂಗಡಿಯಲ್ಲಿ ಚೌಕಾಸಿ ಮಾಡುತ್ತಿದ್ದಾಗ. ಅಂಗಡಿಯವನು ತನ್ನ ಮಾತಿನಿಂದಲೇ ಹೀಗಾಯಿತೆಂದು ಹೆದರಿ, ಅವರು ಎದ್ದ ಮೇಲೆ ಕೇಳಿದ ಬೆಲೆಗೇ ಮೂಟೆ ಕೊಟ್ಟನಂತೆ. ಭಾವ ಅದನ್ನು ಬೀದಿಯವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಾರೆ.

ಇಂದು ಊರಿನ ಡಾಕ್ಟರು ಬಂದು ನಾಡಿ ಹಿಡಿದರು. ನಿಮಿಷಕ್ಕೆ ಮೂವತ್ತು. ನಾನು ನಮ್ಮ ಜಗಲಿಯಿಂದಲೇ ನನ್ನ ಗಡಿಯಾರ ನೋಡಿಕೊಂಡೆ. ಬೀದಿಗೆ ಬಂದ ಡಾಕ್ಟರನ್ನು ವೇಳೆ ಕೇಳಿದೆ; ಅವರದು ಎರಡು ನಿಮಿಷ ಹಿಂದೆ ಇತ್ತು, ಆದರೆ ಎಣಿಕೆಗೆ ತೊಂದರೆಯಿಲ್ಲ. ಎದೆಬಡಿತ ಇಷ್ಟು ನಿಧಾನವಾದರೆ ತಲೆಗೆ ರಕ್ತ ಹೋಗುವುದಿಲ್ಲ, ಆಗ ಮನುಷ್ಯ ಬೀಳುತ್ತಾನೆ; ಒಂದು ದಿನ ಏಳದೆಯೂ ಹೋಗಬಹುದು, ವೇಲೂರಿಗೆ ಕರೆದುಕೊಂಡು ಹೋಗಿ ಅಂದರು.

ಸಂಜೆ ಅಕ್ಕ ಬಂದು ನಮ್ಮ ಬಾಗಿಲಲ್ಲಿ ಕೂತಳು. "ನೋಡ್ಲಾ ರಾಮಚಂದ್ರ, ಮೂರು ಸಲ ಬಳೆಗೆ ಕೈ ಆಕಿದೀನಿ. ಓಗೋದಾದ್ರೆ ಓಗ್ಲಿ, ಇರೋದಾದ್ರೆ ಇರ್ಲಿ. ಈ ಓಗೋದು ಬರೋದು ನನ್ ಕೈಲಾಗಲ್ಲ. ನಿಂಗೆ ಇಂಗ್ಲೀಸು ಬತ್ತದೆ. ನೀನೇ ಕರ್ಕೊಂಡೋಗು."

ಒಪ್ಪಿದ್ದೇನೆ. ಅಕ್ಕನಿಗಾಗಿ.

೧೯೬೭ ಮಾರ್ಚ್ ೩೦, ಗುರುವಾರ. ವೇಲೂರು

ಆಸ್ಪತ್ರೆಯ ದೊಡ್ಡ ಡಾಕ್ಟರು ಚಿತ್ರ ಬರೆದು ವಿವರಿಸಿದರು. ಹೃದಯದಲ್ಲಿ ಮೇಲೊಂದು ಕೋಣೆ, ಕೆಳಗೊಂದು ಕೋಣೆ. ಮೇಲಿನದು 'ಬಡಿ' ಎಂದು ಹೇಳಿಕಳಿಸಿದರೆ ಕೆಳಗಿನದು ಬಡಿಯುತ್ತದೆ. ಭಾವನ ಎದೆಯಲ್ಲಿ ಆ ಹೇಳಿಕೆ ಹೋಗುವ ದಾರಿಯೇ ಕಡಿದುಹೋಗಿದೆ. ನನಗೆ ಕೂಡಲೇ ಅರ್ಥವಾಯಿತು. ನಮ್ಮ ಗಣಿಯಲ್ಲಿ ಕೆಳಗಿನಿಂದ ಗಂಟೆ ಹೊಡೆದರೆ ಮೇಲಿನ ಎಂಜಿನ್ ಡ್ರೈವರ್ ಜನ ಏರಿಳಿಯುವ ತೊಟ್ಟಿಲು ಎಳೆಯುತ್ತಾನೆ. ಗಂಟೆಯ ತಂತಿ ಕಡಿದರೆ ಅವನು ತನ್ನ ಮನಸ್ಸು ಬಂದಾಗ ಎಳೆಯಬೇಕಷ್ಟೆ. ಡಾಕ್ಟರಿಗೆ ಈ ಹೋಲಿಕೆ ಬಹಳ ಹಿಡಿಸಿತು.

ಇದಕ್ಕೊಂದು ಪೆಟ್ಟಿಗೆ ಇದೆಯಂತೆ. ಪೇಸ್‌ಮೇಕರ್ ಎಂದು ಹೆಸರು. ಬೂಟ್ ಪಾಲಿಶ್ ಡಬ್ಬಿಯಷ್ಟು. ಹೊಟ್ಟೆಯ ಚರ್ಮದ ಕೆಳಗೆ ಇಟ್ಟು, ಅದರ ತಂತಿಯನ್ನು ಹೃದಯಕ್ಕೆ ಹೊಲಿಯುತ್ತಾರೆ. ನಿಮಿಷಕ್ಕೆ ಎಪ್ಪತ್ತು ಸಲ ಸಣ್ಣಗೆ ಕರೆಂಟು ಕೊಟ್ಟು ಎಚ್ಚರಿಸುತ್ತದೆ. ಪರದೇಶದ ಯಾವುದೋ ಸಂಘ ದಾನವಾಗಿ ಕಳಿಸಿದ ಪೆಟ್ಟಿಗೆಯೊಂದು ಈಗ ಆಸ್ಪತ್ರೆಯಲ್ಲಿದೆ.

ಭಾವ ಮಂಚದ ಮೇಲಿದ್ದರು, ಒಂದು ಕಡೆ ಅಕ್ಕ, ಇನ್ನೊಂದು ಕಡೆ ನಾನು. ಅವರು ಅಕ್ಕನಿಗೆ, "ಅದ್ಕೆ ಕೀಲಿ ಯಾರು ಕೊಡ್ತಾರೆ ಅಂತ ಕೇಳು" ಅಂದರು. ಅಕ್ಕ ನನಗೆ, "ಕೀಲಿ ಯಾರು ಕೊಡ್ತಾರಂತೆ?" ಅಂದಳು. ನಾನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಕೇಳಿದೆ. ಕೀಲಿ ಬೇಡ, ಒಳಗೆ ಬ್ಯಾಟರಿ ಇದೆ, ಎರಡು ವರ್ಷ ಬರಬಹುದು, ಆಮೇಲೆ ಪೆಟ್ಟಿಗೆ ಬದಲಿಸಬೇಕು ಎಂಬ ಉತ್ತರ ಅದೇ ದಾರಿಯಲ್ಲಿ ವಾಪಸು ಹೋಯಿತು. ಹೀಗೆ ನಾಲ್ಕಾರು ಪ್ರಶ್ನೆಯಾದ ಮೇಲೆ ಡಾಕ್ಟರು ನನ್ನನ್ನು ಮೆಲ್ಲಗೆ ಕೇಳಿದರು: ರೋಗಿಗೆ ಕಿವಿಯೂ ಕೇಳಿಸುವುದಿಲ್ಲವೆ?

೧೯೬೭ ಏಪ್ರಿಲ್ ೫, ಬುಧವಾರ

ಒಂಬತ್ತು ಹತ್ತಕ್ಕೆ ಒಳಗೆ ಕರೆದೊಯ್ದರು. ಹೋಗುವ ಮುಂಚೆ ಭಾವ ಅಕ್ಕನಿಗೆ, "ಕೆಂಪಿಗೆ ಬೂಸ ಆಕಕ್ಕೆ ಪೆದ್ದಮ್ಮಂಗೆ ಕಾಗ್ದ ಬರ್ಸು" ಅಂದರು. ಕೆಂಪಿ ಅವರ ಹಸು. ಪೆದ್ದಮ್ಮನಿಗೆ ಓದಲು ಬರುವುದಿಲ್ಲ. ನನಗೆ ಏನೂ ಹೇಳಲಿಲ್ಲ. ನಾನು ನಿರೀಕ್ಷಿಸಿಯೂ ಇರಲಿಲ್ಲ.

ಹನ್ನೆರಡು ಇಪ್ಪತ್ತೆರಡಕ್ಕೆ ಹೊರಗೆ ತಂದರು. ಈ ಮಧ್ಯೆ ನಾನು ಗಡಿಯಾರಕ್ಕೆ ನಾಲ್ಕು ಸಲ ಕೀಲಿ ಕೊಟ್ಟೆನೆಂದು ಅಕ್ಕ ಹೇಳುತ್ತಾಳೆ. ನನಗೆ ನೆನಪಿಲ್ಲ.

೧೯೬೭ ಏಪ್ರಿಲ್ ೬, ಗುರುವಾರ

ಎಪ್ಪತ್ತು.

೧೯೬೭ ಏಪ್ರಿಲ್ ೨೭, ಗುರುವಾರ

ನಾಳೆ ಊರಿಗೆ. ಡಾಕ್ಟರು ಒಂದು ಷರತ್ತು ಹಾಕಿದ್ದಾರೆ. ದಿನಾ ಬೆಳಿಗ್ಗೆ ಭಾವನನ್ನು ಸುಮ್ಮನೆ ಕೂರಿಸಿ, ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ, ಪುಸ್ತಕದಲ್ಲಿ ಬರೆಯಬೇಕು. ಒಂದು ದಿನವೂ ತಪ್ಪಬಾರದು. ಬ್ಯಾಟರಿ ಸೊರಗಿದರೆ ಎಣಿಕೆ ಇಳಿಯುತ್ತದೆ. ಐದು ಇಳಿದರೆ ಆ ದಿನವೇ ಹೊರಟುಬರಬೇಕು. ಪೆಟ್ಟಿಗೆ ನಿಂತರೆ ಹಳೆಯ ಮೂವತ್ತೇ ಗತಿ, ಅದೂ ಸಿಕ್ಕರೆ.

"ಮನೆಯಲ್ಲಿ ಸೆಕೆಂಡಿನ ಮುಳ್ಳಿರುವ ಗಡಿಯಾರ ಯಾರ ಬಳಿ ಇದೆ?" ಎಂದು ಕೇಳಿದರು.

ಅಕ್ಕ ನನ್ನ ಕೈ ನೋಡಿದಳು. ಡಾಕ್ಟರೂ ನೋಡಿದರು. ಭಾವ ಒಂದು ಗೋಡೆ ನೋಡಿದರು, ನಾನು ಇನ್ನೊಂದು.

೧೯೬೭ ಏಪ್ರಿಲ್ ೨೯, ಶನಿವಾರ

ಬೆಳಿಗ್ಗೆ ಆರು ಐದಕ್ಕೆ ಬೀದಿ ದಾಟಿದೆ. ಭಾವ ಜಗಲಿಯ ಮೇಲೆ ಕೂತು ಕೈ ಮುಂದಿಟ್ಟು ಮುಖ ಆಚೆ ತಿರುಗಿಸಿಕೊಂಡಿದ್ದರು. ಕೈ ಮಾತ್ರ ನನಗೆ ಒಪ್ಪಿಸಿದ ಹಾಗೆ. ಹೆಬ್ಬೆರಳ ಬುಡದಲ್ಲಿ ಮೂರು ಬೆರಳಿಟ್ಟೆ. ಸೆಕೆಂಡಿನ ಮುಳ್ಳು ಇಷ್ಟು ನಿಧಾನ ತಿರುಗಿದ್ದನ್ನು ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ನೋಡಿರಲಿಲ್ಲ.

ಮಧ್ಯದಲ್ಲಿ ಭಾವ ಎದುರಿಗೆ ಕಟ್ಟಿದ್ದ ಹಸುವಿಗೆ ಹೇಳಿದರು: "ಕೆಂಪೀ, ಕೈ ಐಸಿದ್ದಂಗದೆ ಅಂತ ಅನ್ನು ಆ ಮನ್ಸಂಗೆ."

ನಾನೂ ಹಸುವಿಗೇ ಹೇಳಿದೆ: "ಎಣಿಸೋವಾಗ ಮಾತಾಡಬಾರದು ಅಂತ ಹೇಳಮ್ಮ ಕೆಂಪಿ."

ಲೆಕ್ಕ ತಪ್ಪಿತು. ಮೊದಲಿನಿಂದ ಎಣಿಸಬೇಕಾಯಿತು. ಎಪ್ಪತ್ತು.

೧೯೬೭ ಮೇ ೧೪, ಭಾನುವಾರ

ನೋಡಲು ಬರುವವರು ನಿಂತಿಲ್ಲ. ಪೆದ್ದಮ್ಮ ಭಾವನ ಹೊಟ್ಟೆಗೆ ಕಿವಿಯಿಟ್ಟು, "ಟಿಕ್ ಟಿಕ್ ಅನ್ನಾಕಿಲ್ವಲ್ಲ, ಆಗ್ಲೇ ಕೆಟ್ಟೋಯ್ತಾ?" ಅಂದಳು. ನನ್ನ ಜೊತೆ ಕೆಲಸ ಮಾಡುವ ಮುನಿಶಾಮಿ ಕೋರಮಂಡಲ್‌ನಿಂದ ಇದಕ್ಕೆಂದೇ ಬಂದು, "ಎನ್ನ ಸಾರ್, ಇದ್ರಲ್ಲಿ ಸಿಲೋನ್ ರೇಡಿಯೋ ಸಿಗುತ್ತಾ?" ಎಂದು ಗಂಭೀರವಾಗಿ ಕೇಳಿದ. ಇನ್ನೊಬ್ಬರು ಬಲ್ಬು ತಂದಿದ್ದರು. ಭಾವ ಅದನ್ನು ಹೊಕ್ಕುಳಿಗೆ ಒತ್ತಿ ಹಿಡಿದು, "ಅಗಲೊತ್ತು, ಅದ್ಕೆ ಕಾಣ್ತಿಲ್ಲ" ಎಂದು ನಂಬಿಸಿ ಕಳಿಸಿದರು. ಅಕ್ಕ ಮಾತ್ರ ಒದ್ದೆ ಕೈಯಲ್ಲಿ ಅವರನ್ನು ಮುಟ್ಟುವುದಿಲ್ಲ. ತಲೆಗೆ ಎಣ್ಣೆ ಹಚ್ಚುವಾಗಲೂ ಮರದ ಮಣೆಯ ಮೇಲೆ ನಿಲ್ಲುತ್ತಾಳೆ.

ಇದೆಲ್ಲ ನನಗೆ ಸಂಬಂಧಿಸಿದ್ದಲ್ಲ. ಆದರೆ ಸ್ಟೇಷನ್ ಎದುರಿನ ಹೋಟೆಲಿನವರು, ಅಶ್ವತ್ಥಪ್ಪ ಕರೆದ ಹಾಲಿನಲ್ಲಿ ಕರೆಂಟು ಇರುತ್ತದೆ, ಬೇಡ ಅಂದರಂತೆ. ಇದು ಶುದ್ಧ ಅಜ್ಞಾನ. ನಾನೇ ಹೋಗಿ ಇಪ್ಪತ್ತೆರಡು ನಿಮಿಷ ವಿವರಿಸಿದೆ. ಕೊನೆಗೆ ಎಲ್ಲರೆದುರು ಆ ಹಾಲನ್ನೇ ಮೂರು ಲೋಟ ಕುಡಿದು ತೋರಿಸಿದೆ. ನನಗೆ ಹಾಲು ಆಗಿಬರುವುದಿಲ್ಲ. ರೈಲಿನಲ್ಲಿ ಬಹಳ ಕಷ್ಟವಾಯಿತು.

ವಿಜ್ಞಾನದ ಮರ್ಯಾದೆಗಾಗಿ ಮಾಡಿದ್ದು. ಭಾವನ ವ್ಯಾಪಾರಕ್ಕಲ್ಲ.

೧೯೬೭ ಆಗಸ್ಟ್ ೯, ಬುಧವಾರ

ವಿಚಿತ್ರವೊಂದು ಗಮನಕ್ಕೆ ಬಂದಿದೆ. ಇಂದು ನಾನು ಹೋದಾಗ ಭಾವ ತೊಂಡೆ ಚಪ್ಪರ ಮೇಯ್ದ ಆಡಿನ ಹಿಂದೆ ಕೂಗಾಡುತ್ತಿದ್ದರು. ಕಣ್ಣು ಕೆಂಪಗೆ, ಮೀಸೆ ನಡುಗುತ್ತಿತ್ತು. ಕೂರಿಸಿ ಎಣಿಸಿದೆ. ಎಪ್ಪತ್ತು. ನನಗೆ ಅಂಥ ಸಿಟ್ಟು ಬಂದರೆ ನೂರು ದಾಟುತ್ತದೆ.

ಪರೀಕ್ಷೆ ಮಾಡಬೇಕೆನಿಸಿತು. ಕೈ ಹಿಡಿದುಕೊಂಡೇ, "ಕೆಂಪಿ, ರೈಲ್ವೆ ಕ್ಯಾಂಟೀನಿಗೆ ಕೊಡೋ ಹಾಲಿಗೆ ನೀರು ಹಾಕ್ತಾರಾ ಕೇಳು" ಅಂದೆ.

"ನೀರಾ? ದೇವ್ರಾಣೆ ಇಲ್ಲ ಅನ್ನು ಕೆಂಪಿ. ಮಳೆ ಬಂದಾಗ ಅದಾಗದೇ ಬಿದ್ರೆ ಕಾಣೆ."

ಎಪ್ಪತ್ತು. ಒಂದು ಬಡಿತ ಹೆಚ್ಚಿಲ್ಲ. ಒಳಗಿನಿಂದ ಅಕ್ಕ ಕೆಮ್ಮಿದಳು.

ಇದನ್ನು ವೇಲೂರಿಗೆ ಬರೆದು ಕೇಳಿದ್ದೇನೆ.

೧೯೬೭ ಆಗಸ್ಟ್ ೨೩, ಬುಧವಾರ

ಡಾಕ್ಟರ ಉತ್ತರ ಬಂತು. ಪೆಟ್ಟಿಗೆಗೆ ಸಿಟ್ಟು, ಹೆದರಿಕೆ, ಸುಳ್ಳು ಯಾವುದೂ ತಿಳಿಯುವುದಿಲ್ಲ. ಕೂತರೂ ಓಡಿದರೂ ಎಪ್ಪತ್ತೇ. ಆದ್ದರಿಂದ ದಿಬ್ಬ ಹತ್ತಿದಾಗ, ಭಾರ ಹೊತ್ತಾಗ ಬೇಕಾದಷ್ಟು ರಕ್ತ ಹರಿಯದೆ ದಣಿವಾಗುತ್ತದೆ, ಜೋಪಾನ ಎಂದಿದ್ದಾರೆ.

ಹಾಲಿನ ಕ್ಯಾನುಗಳನ್ನು ಸ್ಟೇಷನ್ನಿಗೆ ಇನ್ನು ನಾನೇ ಒಯ್ಯುತ್ತೇನೆ. ಹೇಗೂ ನಾನು ಆ ಕಡೆ ಹೋಗುವವನೇ. ಒಂದು ಕೈಯಲ್ಲಿ ಟಿಫನ್ ಕ್ಯಾರಿಯರ್ ಇರುವಾಗ ಇನ್ನೊಂದು ಕೈ ಖಾಲಿ ಇದ್ದರೆ ನಡಿಗೆ ವಾಲುತ್ತದೆ.

೧೯೬೮ ಫೆಬ್ರವರಿ ೧೨, ಸೋಮವಾರ

ನನ್ನ ಹೆಂಡತಿ ಗಂಗರತ್ನಮ್ಮ ಮಾತು ಬಿಟ್ಟಿದ್ದಾಳೆ.

ಇಂದು ಬೂದಿಕೋಟೆಯಲ್ಲಿ ಅವಳ ತಮ್ಮನ ಮದುವೆ. ನಿನ್ನೆಯೇ ಹೋಗಿ ಉಳಿದಿದ್ದೆವು. ಬೆಳಿಗ್ಗೆ ಎಂಟು ಹತ್ತಕ್ಕೆ ಮುಹೂರ್ತ. ಐದೂವರೆಗೆ ಬಂಗಾರಪೇಟೆಗೆ ಮೊದಲ ಬಸ್ಸು ಇತ್ತು. ಲೆಕ್ಕ ಹಾಕಿದೆ: ಹೋಗಿ, ಎಣಿಸಿ, ಏಳು ಗಂಟೆಯ ಬಸ್ಸಿನಲ್ಲಿ ಮರಳಿದರೆ ತಾಳಿಗೆ ಹನ್ನೆರಡು ನಿಮಿಷ ಮಿಗುತ್ತದೆ. ಹೋದೆ. ಎಪ್ಪತ್ತು. ಮರಳುವ ಬಸ್ಸು ಅರ್ಧ ದಾರಿಯಲ್ಲಿ ಚಕ್ರ ಪಂಕ್ಚರಾಗಿ ನಿಂತಿತು. ನಾನು ಓಡಿಕೊಂಡು ಚಪ್ಪರ ಸೇರಿದಾಗ ಜನ ಎಲೆ ಮಡಚುತ್ತಿದ್ದರು. ಫೋಟೋದಲ್ಲಿ ನನ್ನ ಕುರ್ಚಿಯ ಮೇಲೆ ನನ್ನ ಛತ್ರಿ ಇಟ್ಟು ತೆಗೆಸಿದ್ದಾರೆ.

"ನನ್ ತಮ್ಮನ ತಾಳಿ ಮುಖ್ಯವಾ, ನಿಮ್ಮ ಶತ್ರು ನಾಡಿ ಮುಖ್ಯವಾ?" ಅಂದಳು.

"ದಾಖಲೆ ನಡುವೆ ತುಂಡಾಗಬಾರದು" ಅಂದೆ. ಅದು ಸ್ನೇಹದ ಮಾತಲ್ಲ, ಕಚೇರಿಯ ಶಿಸ್ತು. ಅವಳಿಗೆ ಅರ್ಥವಾಗಲಿಲ್ಲ.

೧೯೬೮ ಜುಲೈ ೧, ಸೋಮವಾರ

ಎಪ್ಪತ್ತು. ತೊಂಡೆಕಾಯಿ ಕೊಟ್ಟು ಕಳಿಸಿದರು. ತೆಗೆದುಕೊಂಡದ್ದು ಗಂಗರತ್ನಮ್ಮ.

೧೯೬೮ ಜುಲೈ ೨, ಮಂಗಳವಾರ

ಎಪ್ಪತ್ತು. ತೊಂಡೆಕಾಯಿ ಪಲ್ಯ ಚೆನ್ನಾಗಿತ್ತೆಂದು ಕೆಂಪಿಗೆ ಹೇಳಿದೆ.

೧೯೬೮ ಜುಲೈ ೩, ಬುಧವಾರ

ಎಪ್ಪತ್ತು. ಮತ್ತೆ ತೊಂಡೆಕಾಯಿ.

೧೯೬೮ ಡಿಸೆಂಬರ್ ೩೦, ಸೋಮವಾರ

ಅರವತ್ತೊಂಬತ್ತು.

ಮತ್ತೆ ಎಣಿಸಿದೆ. ಅರವತ್ತೊಂಬತ್ತು. ದೋಷ ಗಡಿಯಾರದ್ದಿರಬೇಕು. ಸ್ಟೇಷನ್ನಿನ ಗಡಿಯಾರಕ್ಕೆ ಹಿಡಿದು ನೋಡಿದೆ, ಸರಿ. ಕೋರಮಂಡಲ್‌ನಲ್ಲಿ ಟೈಮಾಫೀಸಿನ ದೊಡ್ಡ ಗಡಿಯಾರಕ್ಕೆ ಹಿಡಿದೆ, ಸರಿ. ಹತ್ತು ಗಂಟೆಯ ಸೈರನ್ನಿಗೆ ನೋಡಿದೆ. ಸೈರನ್ನೇ ಮೂರು ಸೆಕೆಂಡು ತಡ. ಮುನಿಶಾಮಿಯ ನಾಡಿ ಹಿಡಿದು ಎಣಿಸಿದೆ: ಎಂಬತ್ತೆಂಟು. "ಏನ್ ಸಾರ್, ನಾನು ಸಾಯ್ತೀನಾ?" ಎಂದು ಮಧ್ಯಾಹ್ನದವರೆಗೂ ಹಿಂದೆ ಬಿದ್ದಿದ್ದ.

ಗಡಿಯಾರ ಕೆಟ್ಟಿದ್ದರೆ ಎಷ್ಟು ಒಳ್ಳೆಯದಿತ್ತು.

೧೯೬೯ ಜನವರಿ ೬, ಸೋಮವಾರ

ಅರವತ್ತಾರು. ಶುಕ್ರವಾರ ಅರವತ್ತೇಳು ಇತ್ತು.

ಹೊರಡೋಣ ಅನ್ನು ಎಂದು ಕೆಂಪಿಗೆ ಹೇಳಿದೆ.

"ಚೆನ್ನಾಗಿವ್ನಿ ಅನ್ನು" ಅಂದರು ಭಾವ. "ಇನ್ನೊಂದು ವಾರಕ್ಕೆ ಸಂಕ್ರಾಂತಿ. ಅಸುಗಳ ಮೈ ತೊಳೆದು ಕೊಂಬಿಗೆ ಬಣ್ಣ ಬಳೀಬೇಕು. ಅಬ್ಬ ಆಗ್ಲಿ, ಬತ್ತೀನಿ."

"ಬ್ಯಾಟರಿಗೆ ಹಬ್ಬ ತಿಳಿಯಲ್ಲ ಅಂತ ಹೇಳು ಕೆಂಪಿ."

"ಎರಡ್ ವರ್ಸ ಅಂತ ಅವ್ರೇ ಅಂದವ್ರೆ, ಇನ್ನೂ ಮೂರ್ ತಿಂಗ್ಳು ಅದೆ ಅನ್ನು."

ಹೀಗೇ ಕಾಲು ಗಂಟೆ. ಹಸು ಬೇಸತ್ತು ನಮ್ಮಿಬ್ಬರಿಗೂ ಬೆನ್ನು ತಿರುಗಿಸಿ ನಿಂತಿತು. ಅಕ್ಕ ಹೇಳಿದರೂ ಕೇಳಲಿಲ್ಲ. ಆಫೀಸಿನಲ್ಲಿ ಇಂದು ರಾತ್ರಿಪಾಳಿಯವರನ್ನು ಹಗಲುಪಾಳಿಯ ಪುಟದಲ್ಲಿ ಬರೆದೆ. ಹೀಗೆ ಎಂದೂ ಆಗಿರಲಿಲ್ಲ.

೧೯೬೯ ಜನವರಿ ೯, ಗುರುವಾರ. ವೇಲೂರು

ನಿನ್ನೆ ಬರೆಯಲು ಆಗಲಿಲ್ಲ. ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಆರು ಐದಕ್ಕೆ ಎಣಿಸಿದೆ. ಅರವತ್ತೈದು. ಮತ್ತೆ ಎಣಿಸಿದೆ, ಅರವತ್ತೈದು. ಮೂರನೆಯ ಸಲ ಅರವತ್ನಾಲ್ಕು. ತಲೆ ಎತ್ತಿ ನೋಡಿದರೆ ಎದುರಿಗೆ ಕೆಂಪಿ ಇಲ್ಲ. ಅಕ್ಕ ಅದನ್ನು ಮೈ ತೊಳೆಯಲು ಕೆರೆಗೆ ಹೊಡೆದುಕೊಂಡು ಹೋಗಿದ್ದಳು. ಜಗಲಿಯ ಮೇಲೆ ನಾವಿಬ್ಬರೇ.

ಕಂಬಕ್ಕೆ ಹೇಳಿ ನೋಡಿದೆ: "ಅರವತ್ನಾಲ್ಕಕ್ಕೆ ಬಂತು, ಇವತ್ತೇ ಹೊರಡಬೇಕು ಅಂತ ಹೇಳು."

ಭಾವ ಗೋಡೆಗೆ ಹೇಳಿದರು: "ಕಂಬದ್ ಜೊತೆ ಮಾತಾಡ್ತಾವ್ನೆ. ಇವ್ನಿಗೇ ಆಸ್ಪತ್ರೆ ಬೇಕಾಗದೆ."

ಆಗ ನಾನು, "ಬಾವ, ಏಳಿ" ಅಂದೆ.

ಅವರು ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. "ಯಾರಿಗೆ? ನಂಗಾ?" ಅಂದರು.

"ನಿಮಗೇ. ಏಳಿ, ವೇಲೂರಿಗೆ ಹೋಗೋಣ."

"ಅಬ್ಬ ಆದ್ಮೇಲೆ..."

"ಇನ್ನೊಂದು ಸಲ ನೀವು ಬಿದ್ದರೆ, ನಾನು ಬೀದಿ ದಾಟಿ ಬಂದು ಮೂಗಿನ ಹತ್ತಿರ ಕೈ ಹಿಡಿಯಲ್ಲ ಬಾವ. ನನ್ನ ಕೈಲಾಗಲ್ಲ" ಅಂದೆ.

ಭಾವ ಜಗಲಿಯಿಂದ ಕಾಲು ಇಳಿಬಿಟ್ಟರು. ಆಮೇಲೆ ಮೆಲ್ಲಗೆ, "ಚಪ್ಲಿ ಎಲ್ಲವೋ ನೋಡು" ಅಂದರು. ಹುಡುಕಿ ಕೊಟ್ಟೆ. ಕೆರೆಯಿಂದ ಬಂದ ಅಕ್ಕ ಹಸುವನ್ನು ಪೆದ್ದಮ್ಮನಿಗೆ ಒಪ್ಪಿಸಿ ಜೊತೆಗೆ ಹೊರಟಳು. ಅಷ್ಟರಲ್ಲಿ ಆರು ನಲವತ್ತರ ರೈಲು ಹೋದ ಸದ್ದು ಕೇಳಿಸಿತು. ರಜಾ ಅರ್ಜಿ ಬರೆದಿಲ್ಲವೆಂಬುದು ನೆನಪಾದದ್ದು ಕುಪ್ಪಂ ದಾಟಿದ ಮೇಲೆ.

ರೈಲಿನಲ್ಲಿ ನಾನು ಭಾವನ ಮಣಿಕಟ್ಟು ಬಿಡಲಿಲ್ಲ. ಜೋಲಾರ್‌ಪೇಟೆಯಲ್ಲಿ ಅರವತ್ಮೂರು. ಎದುರು ಸೀಟಿನ ಹೆಂಗಸು ತುಂಬ ಹೊತ್ತು ನಮ್ಮನ್ನೇ ನೋಡುತ್ತಿದ್ದು, ಭಾವನನ್ನು ತೆಲುಗಿನಲ್ಲಿ ಕೇಳಿದಳು: "ಈ ಪೋಲೀಸಿನವನು ನಿನ್ನನ್ನು ಯಾಕಪ್ಪ ಹಿಡಕೊಂಡು ಹೋಗ್ತಾ ಇದಾನೆ, ಏನು ಕದ್ದೆ?"

"ಎಮ್ಮೆ" ಅಂದರು ಭಾವ.

"ಒಂದಾ?"

"ನಾಲ್ಕು."

ಆಕೆ ತನ್ನ ಗಂಟನ್ನು ಕಾಲ ಸಂದಿಗೆ ಎಳೆದುಕೊಂಡಳು. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಕಿಟಕಿಯಾಚೆ ನೋಡಿದಳು. ನಾನು ಸರಿಪಡಿಸಲು ಹೋಗಲಿಲ್ಲ. ಎಣಿಸುತ್ತಿದ್ದೆ.

ಕಾಟ್ಪಾಡಿಯಲ್ಲಿ ಅರವತ್ತೆರಡು. ಇಳಿಯುವಾಗ ಭಾವ, "ಕತ್ತಲೆ ಬಂದಂಗಾಗ್ತದೆ" ಅಂದರು. ಮಟಮಟ ಮಧ್ಯಾಹ್ನ. ನಾನು ಅವರನ್ನು ಹೊತ್ತುಕೊಂಡೆನಂತೆ. ಪ್ಲಾಟ್‌ಫಾರಂನಿಂದ ಜಟಕಾದವರೆಗೆ. ಭಾವ ನನಗಿಂತ ದಪ್ಪ, ಇದು ಹೇಗೆ ಸಾಧ್ಯವಾಯಿತೋ ತಿಳಿಯದು. ಇಂದು ಸೊಂಟ ಹಿಡಿದುಕೊಂಡಿದೆ.

೧೯೬೯ ಜನವರಿ ೧೧, ಶನಿವಾರ

ಇಂದು ಪೆಟ್ಟಿಗೆ ಬದಲಿಸಿದರು. ತಂತಿ ಹಳೆಯದೇ ಸಾಕಾಯಿತು. ಒಂದು ಗಂಟೆ ಎರಡು ನಿಮಿಷ. ಇರಬಹುದು, ಒಮ್ಮೊಮ್ಮೆ ಮುಳ್ಳು ಸರಿಯಾಗಿ ಕಾಣುತ್ತಿರಲಿಲ್ಲ.

ಒಳಗೆ ಹೋಗುವಾಗ ನನಗೆ, "ಲೋ, ಇಲ್ಲೇ ಇರು" ಅಂದರು.

೧೯೬೯ ಜನವರಿ ೧೪, ಮಂಗಳವಾರ. ಸಂಕ್ರಾಂತಿ

ಹೊಸ ಪೆಟ್ಟಿಗೆ ಎಪ್ಪತ್ತೆರಡು ಬಡಿಯುತ್ತದೆ. ಎರಡು ಹೆಚ್ಚು. ಭಾವ ವಾರ್ಡಿನವರಿಗೆಲ್ಲ ತನಗೆ ಬಡ್ತಿ ಸಿಕ್ಕಿದೆ ಎಂದು ಹೇಳುತ್ತಿದ್ದಾರೆ. ಅಕ್ಕ ಯಾರಿಂದಲೋ ಎಳ್ಳುಬೆಲ್ಲ ಗಿಟ್ಟಿಸಿ ಅವರ ಬಾಯಿಗೆ ಹಾಕಿದಳು. ಕೈ ಒದ್ದೆಯಾಗಿತ್ತು, ಗಮನಿಸಲಿಲ್ಲ.

ಡಾಕ್ಟರು ನನ್ನ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿ ನೋಡಿದರು. ಇಪ್ಪತ್ತು ತಿಂಗಳು, ಒಂದು ದಿನವೂ ಬಿಟ್ಟಿಲ್ಲ. ಇನ್ನು ನಾಲ್ಕು ದಿನ ತಡವಾಗಿದ್ದರೆ ಆ ಪೆಟ್ಟಿಗೆಯನ್ನು ನಂಬುವಂತಿರಲಿಲ್ಲ ಅಂದರು. ಇಲ್ಲಿ ನರ್ಸುಗಳು ನೋಡಿಕೊಳ್ಳುತ್ತಾರೆ, ನೀವು ಕೆಲಸಕ್ಕೆ ಹೋಗಿ ಎಂದೂ ಹೇಳಿದರು.

ಹೋಗಬಹುದಿತ್ತು. ಆದರೆ ಇಲ್ಲಿಯ ನರ್ಸು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುತ್ತಾಳೆ. ಇದನ್ನು ಕಣ್ಣಾರೆ ಕಂಡ ಮೇಲೆ ಹೊರಡುವುದು ಹೇಗೆ? ರಜೆ ಮುಂದುವರಿಸಬೇಕೆಂದು ತಂತಿ ಕೊಟ್ಟಿದ್ದೇನೆ. ಕಾರಣ ಏನು ಬರೆಯಲಿ ಎಂದು ಅಂಚೆಯ ಗುಮಾಸ್ತ ಕೇಳಿದ. 'ಗುಣಾಕಾರ' ಎಂದು ಬರೆದರೆ ಆಫೀಸಿನಲ್ಲಿ ಅರ್ಥವಾಗದು. 'ಭಾವ' ಎಂದಷ್ಟೇ ಬರಿ ಅಂದೆ.

ಮಧ್ಯಾಹ್ನ ಅಕ್ಕ ಊಟಕ್ಕೆ ಹೋಗಿದ್ದಳು. ಭಾವ ದಿಂಬಿಗೆ ಒರಗಿ ನನ್ನನ್ನೇ ನೋಡುತ್ತಿದ್ದರು.

"ಕೈ ತಾ" ಅಂದರು.

"ಯಾಕೆ?"

"ತಾರಪ್ಪ. ಮಕ ಸುಣ್ಣ ಬಳ್ದಂಗದೆ. ಆರ್ ದಿನದಿಂದ ಸರ್ಯಾಗಿ ಉಂಡಿಲ್ಲ ಅಂತ ನಿಮ್ಮಕ್ಕ ಅಂದ್ಳು. ನಿಂದೂ ಒಂದ್ ದಪ ನೋಡ್ಬಿಡಾನ."

ಬಲಗೈ ಕೊಟ್ಟೆ. ಬೆರಳನ್ನು ಮೊಣಕೈ ಹತ್ತಿರ ಇಟ್ಟರು. ಸರಿಯಾದ ಜಾಗ ತೋರಿಸಿದೆ. ಸ್ವಲ್ಪ ಹುಡುಕಾಡಿ, "ಸಿಕ್ತು" ಅಂದರು. ಹಾಲು ಕರೆದು ಕರೆದು ಒರಟಾದ ಬೆರಳು, ಬೆಚ್ಚಗಿತ್ತು.

"ನಂಗೆ ಗಡಿಯಾರ ನೋಡಾಕೆ ಬರಾಕಿಲ್ಲ. ನಿಮಿಸ ಆದೇಟ್ಗೆ ನೀನೇ ಅನ್ನು, ನಿಲ್ಲಿಸ್ತೀನಿ."

ಎಡಗೈಯ ಗಡಿಯಾರ ನೋಡುತ್ತಾ ಕೂತೆ. ಭಾವ ಹುಬ್ಬು ಗಂಟಿಕ್ಕಿ, ತುಟಿ ಆಡಿಸುತ್ತಾ, "ಒಂದು, ಎಲ್ಡು, ಮೂರು" ಎಂದು ಶುರುಮಾಡಿದರು. ಎಂಬತ್ತರ ಹತ್ತಿರ ಮುಳ್ಳು ಒಂದು ಸುತ್ತು ಬಂತು. ನಿಮಿಷ ಮುಗಿಯಿತು. ನೋಡಿದೆ. ಹೇಳಲಿಲ್ಲ.

ಭಾವ ಎಣಿಸುತ್ತಲೇ ಹೋದರು. ನೂರರ ಹತ್ತಿರ ತಪ್ಪಿ, ಹಿಂದಕ್ಕೆ ಹೋಗಿ, ತೊಂಬತ್ತರಿಂದ ಮತ್ತೆ ಬಂದರು. ಮುಳ್ಳು ಎರಡನೆಯ ಸುತ್ತೂ ಮುಗಿಸಿತು. ಕೊನೆಗೆ ಅವರೇ ದಣಿದು ನಿಲ್ಲಿಸಿದರು. ಕೈ ಮಾತ್ರ ಬಿಡಲಿಲ್ಲ.

"ನೂರಾ ಅರವತ್ತೆಂಟು. ಜಾಸ್ತಿ ಅಲ್ವೇನ್ಲಾ?"

"ಸ್ವಲ್ಪ ಜಾಸ್ತಿ ಬಾವ."

"ಬರ್ಕೋ" ಅಂದರು.

ಬರೆದುಕೊಂಡಿದ್ದೇನೆ. ನೂರಾ ಅರವತ್ತೆಂಟು.